ಕುಡಿದು ಮತ್ತೆ ಮತ್ತೆ ಗಾಡಿ ಓಡಿಸುವವರ ವಿರುದ್ಧ ಕಠಿಣ ಕಾನೂನು: ಮನವಿಯಲ್ಲಿ ಏನೇನು ಇರಬೇಕು?

ಸುಂಟಿಕೊಪ್ಪ_ತೋಟ:
ಕೊಡಗಿನ ಕುಶಾಲನಗರದಿಂದ ಸಂಪಾಜೆವರೆಗೆ ಹೆದ್ದಾರಿ ಬದಿಯ ಊರುಗಳಲ್ಲಿ ಸಹಿ ಸಂಗ್ರಹ ಶುರುವಾಗಿದೆ. ಒಮ್ಮೆ ಕುಡಿದು ಸಿಕ್ಕಿಬಿದ್ದವರೇ ದಂಡ ಕಟ್ಟಿ ಮತ್ತೆ ಸ್ಟಿಯರಿಂಗ್ ಹಿಡಿಯುತ್ತಿದ್ದಾರೆ; ಅಂಥವರ ಡಿಎಲ್ ರದ್ದಾಗಬೇಕು ಎನ್ನುವುದು ಬೇಡಿಕೆ. ಮನವಿ ಶಾಸಕರಿಗೋ, ಸಂಸದರಿಗೋ? ಈ ಕಾನೂನು ಬದಲಿಸುವ ಅಧಿಕಾರ ರಾಜ್ಯಕ್ಕಿದೆಯೇ?

ವಿರಾಜಪೇಟೆ_ವಕೀಲ:
"ಡಿಎಲ್ ರದ್ದು ಮಾಡಿ" ಎಂದಷ್ಟೇ ಬರೆದರೆ "ಈಗಾಗಲೇ ಕಾಯ್ದೆಯಲ್ಲಿದೆ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ನಿಜವಾಗಿಯೂ ಇದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 206(4)ರಡಿ ಪೊಲೀಸರು ಡಿಎಲ್ ವಶಪಡಿಸಿಕೊಂಡು ಆರ್‌ಟಿಒಗೆ ಕಳಿಸಬೇಕು. ಆರ್‌ಟಿಒ 19(1ಎ) ಅಡಿ ವಿಚಾರಣೆ ನಡೆಸಿ ಮೊದಲ ಸಲಕ್ಕೆ 3 ತಿಂಗಳ ಅನರ್ಹತೆ, ಎರಡನೆಯದಕ್ಕೆ ರದ್ದು. ಕೋರ್ಟಿನ ಶಿಕ್ಷೆ ಪ್ರತ್ಯೇಕ: 185ನೇ ಕಲಮಿನಡಿ ಮೊದಲ ಸಲ 6 ತಿಂಗಳವರೆಗೆ ಜೈಲು ಅಥವಾ 10,000 ರೂ. ದಂಡ ಅಥವಾ ಎರಡೂ. ಮತ್ತೆ ಸಿಕ್ಕಿದರೆ 2 ವರ್ಷದವರೆಗೆ ಜೈಲು ಅಥವಾ 15,000 ರೂ. ಅಥವಾ ಎರಡೂ.

ಸೋರುವುದು ಬೇರೆ ಕಡೆ. ಹೆಚ್ಚಿನ ಶಿಕ್ಷೆ ಆಗಬೇಕಾದರೆ ಹಿಂದಿನ ಶಿಕ್ಷೆಯ ದಿನಾಂಕ, ಸ್ಥಳ ದೋಷಾರೋಪದಲ್ಲೇ ಇರಬೇಕು, ಆ ತೀರ್ಪಿನ ದೃಢೀಕೃತ ನಕಲು ಹಾಜರಾಗಬೇಕು. ಆರೋಪಿ ಮೊದಲ ದಿನವೇ ತಪ್ಪೊಪ್ಪಿಕೊಂಡರೆ ಹಳೆಯ ಕೇಸು ಹುಡುಕಲು ಯಾರೂ ಕೂರುವುದಿಲ್ಲ. ಹಿಂದಿನ ಶಿಕ್ಷೆ ಮೈಸೂರಿನಲ್ಲೋ ಕಣ್ಣೂರಿನಲ್ಲೋ ಆಗಿದ್ದರೆ ಇಲ್ಲಿ ಅದು ಮೊದಲ ಅಪರಾಧವಾಗಿಯೇ ಮುಗಿಯುತ್ತದೆ.

ಹಾಗಾಗಿ ಮೊದಲ ಬೇಡಿಕೆ ದಾಖಲೆಯದ್ದಾಗಿರಲಿ: ಶಿಕ್ಷೆಯಾದ ಇಂತಿಷ್ಟು ದಿನದೊಳಗೆ ಡಿಎಲ್ ನಂಬರಿನ ಎದುರು ಸಾರಥಿ ತಂತ್ರಾಂಶದಲ್ಲಿ (ಡಿಎಲ್‌ಗಳ ರಾಷ್ಟ್ರೀಯ ಆನ್‌ಲೈನ್ ದಾಖಲೆ) ನಮೂದಾಗಬೇಕು, ಚಾರ್ಜ್‌ಶೀಟ್ ಹಾಕುವ ಮುನ್ನ ಠಾಣೆ ಅದನ್ನು ನೋಡಲೇಬೇಕು. ಎರಡನೆಯದು, 185ರ ಆ "ಅಥವಾ". ಎರಡನೇ ಸಲಕ್ಕೆ ಕನಿಷ್ಠ ಇಷ್ಟು ದಿನ ಜೈಲು ಎಂದಾಗದಿದ್ದರೆ 15,000 ಕಟ್ಟಬಲ್ಲವನಿಗೆ ಅದೊಂದು ಖರ್ಚು ಮಾತ್ರ. ಜೊತೆಗೆ, ರದ್ದಾದ ಮೇಲೆ ಎಷ್ಟು ವರ್ಷ ಹೊಸ ಡಿಎಲ್ ಕೊಡಬಾರದು ಎಂಬುದನ್ನೂ ಕಾಯ್ದೆಯಲ್ಲೇ ಬರೆಯಿಸಿ.

ಮೋಟಾರು ವಾಹನ ಸಮವರ್ತಿ ಪಟ್ಟಿಯ ವಿಷಯ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದು. ರಾಜ್ಯ ತಿದ್ದಬಹುದು, ಆದರೆ ಕೇಂದ್ರದ ಕಾಯ್ದೆಗೆ ವಿರುದ್ಧವಾಗಿದ್ದರೆ ರಾಷ್ಟ್ರಪತಿಗಳ ಅಂಕಿತ ಬೇಕು. ತಿದ್ದುಪಡಿಯ ಮನವಿ ಮೈಸೂರು-ಕೊಡಗು ಸಂಸದರಿಗೂ ಮಡಿಕೇರಿ, ವಿರಾಜಪೇಟೆ ಶಾಸಕರಿಬ್ಬರಿಗೂ ಹೋಗಲಿ. ದಾಖಲೆಯ ಬೇಡಿಕೆ ಜಿಲ್ಲಾಧಿಕಾರಿ, ಎಸ್‌ಪಿ, ಆರ್‌ಟಿಒ ಮೂವರಿಗೂ ಬೇರೆ ಪತ್ರವಾಗಿ ಕೊಡಿ. ಎರಡನ್ನೂ ಒಂದೇ ಹಾಳೆಯಲ್ಲಿ ಬೆರೆಸಿದರೆ "ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದು ಪೂರ್ತಿ ಮನವಿಯನ್ನೇ ಬದಿಗಿಡುತ್ತಾರೆ.

ಮಾಹಿತಿಹಕ್ಕು_ಸೋಮವಾರಪೇಟೆ:
ಸಹಿಗಿಂತ ಅಂಕಿಅಂಶಕ್ಕೆ ತೂಕ ಜಾಸ್ತಿ, ಅಣ್ಣ. ಎಸ್‌ಪಿ ಕಚೇರಿಗೊಂದು ಮಾಹಿತಿ ಹಕ್ಕು ಅರ್ಜಿ: ಕಳೆದ 3 ವರ್ಷಗಳಲ್ಲಿ ಠಾಣಾವಾರು 185ರ ಪ್ರಕರಣ ಎಷ್ಟು, ಅದರಲ್ಲಿ 206(4)ರಡಿ ಆರ್‌ಟಿಒಗೆ ಕಳಿಸಿದ ಡಿಎಲ್ ಎಷ್ಟು? ಆರ್‌ಟಿಒಗೆ ಇನ್ನೊಂದು: ಬಂದದ್ದೆಷ್ಟು, ಅನರ್ಹತೆ ಎಷ್ಟು, ರದ್ದು ಎಷ್ಟು? ಈ ಎರಡು ಉತ್ತರಗಳ ನಡುವೆ ಅಂತರವಿದ್ದರೆ ಅದೇ ನಿಮ್ಮ ಮನವಿಯ ಮೊದಲ ಪ್ಯಾರಾ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಶುಲ್ಕ 10 ರೂ.; ಪೋಸ್ಟಲ್ ಆರ್ಡರ್ ಸಾಕು. ಹೆಸರು ಕೇಳಬೇಡಿ, ವೈಯಕ್ತಿಕ ಮಾಹಿತಿ ಎಂದು ತಿರಸ್ಕರಿಸುತ್ತಾರೆ. ಸಂಖ್ಯೆ ಮಾತ್ರ ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ.

ಸುಂಟಿಕೊಪ್ಪ_ತೋಟ:
ಎರಡು ಪತ್ರ ಮಾಡುತ್ತೇವೆ. ಅಪಘಾತವಾದಾಗ ಪರೀಕ್ಷೆಯೇ ತಡವಾಗುವುದರ ಬಗ್ಗೆ ಏನಾದರೂ ಸೇರಿಸಬೇಕಾ?

ಲ್ಯಾಬ್_ಮಡಿಕೇರಿ:
ಖಂಡಿತ ಸೇರಿಸಿ, ನಮ್ಮ ಘಟ್ಟದ ರಸ್ತೆಗಳಿಗೆ ಇದು ಬಹಳ ಮುಖ್ಯ. ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮದ್ಯಸಾರ. ದೇಹ ಅದನ್ನು ಕರಗಿಸುತ್ತಾ ಹೋದಂತೆ ಈ ಅಂಕಿ ಗಂಟೆಗೆ ಸುಮಾರು 15ರಷ್ಟು ಇಳಿಯುತ್ತದೆ. ಮಾಕುಟ್ಟದ ಕಾಡಿನಲ್ಲಿ ಗುದ್ದಿದಾಗ 70 ಇದ್ದವನಿಗೆ 3 ಗಂಟೆ ಬಿಟ್ಟು ವಿರಾಜಪೇಟೆಯಲ್ಲಿ ರಕ್ತ ತೆಗೆದರೆ 25 ಬರಬಹುದು, ಕೇಸೇ ಇಲ್ಲ! ಆದ್ದರಿಂದ ಗಸ್ತು ವಾಹನದಲ್ಲೇ ಪ್ರಿಂಟರ್ ಇರುವ ಆಲ್ಕೋಮೀಟರ್ (ಊದಿಸಿ ಮದ್ಯ ಅಳೆಯುವ ಯಂತ್ರ) ಬೇಕು ಎಂದು ಕೇಳಿ. ಚೀಟಿಯಲ್ಲಿ ಸಮಯ, ಯಂತ್ರದ ಸಂಖ್ಯೆ ಇರಬೇಕು. ಕ್ಯಾಲಿಬ್ರೇಶನ್ (ಯಂತ್ರ ಸರಿಯಾಗಿ ಅಳೆಯುತ್ತದೆಯೇ ಎಂಬ ತಪಾಸಣೆ) ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ವಕೀಲರು ಮೊದಲು ಹಿಡಿಯುವುದೇ ಅದನ್ನು. ಬಾಯಲ್ಲಿ ಉಳಿದ ಮದ್ಯದಿಂದ ಅಂಕಿ ಏರುತ್ತದೆ, ಆದ್ದರಿಂದ 15 ನಿಮಿಷ ಕಾದು ಊದಿಸಬೇಕು.

ಆಸ್ಪತ್ರೆಯಲ್ಲಿ ರಕ್ತ ತೆಗೆಯುವಾಗ ಚರ್ಮಕ್ಕೆ ಸ್ಪಿರಿಟ್ ಹಚ್ಚಬಾರದು. ಸೋಡಿಯಂ ಫ್ಲೋರೈಡ್, ಪೊಟ್ಯಾಶಿಯಂ ಆಕ್ಸಲೇಟ್ ಇರುವ ಬಾಟಲಿಯನ್ನೇ ಬಳಸಬೇಕು, ಇಲ್ಲದಿದ್ದರೆ ಮಾದರಿ ಕೆಟ್ಟು ಅಂಕಿ ಬದಲಾಗುತ್ತದೆ. ಆ ಬಾಟಲಿಗಳು ತಾಲ್ಲೂಕು ಆಸ್ಪತ್ರೆಗಳಲ್ಲಿ ಸದಾ ದಾಸ್ತಾನಿರಲಿ ಎಂಬ ಸಾಲನ್ನು ಜಿಲ್ಲಾಧಿಕಾರಿಗಳ ಪತ್ರದಲ್ಲಿ ಹಾಕಿ, ಅದರ ನಕಲನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ಕಳಿಸಿ.