ಹೊಸ ಕಬ್ಬಿಣದ ದೋಣಿ ಮೊದಲ ಸಲ ನೀರಿಗೆ ಇಳಿಸಬೇಕು. ನಾಲೆಗೋ, ಕೆರೆಗೋ?

ಗುಬ್ಬಿ ವೆಲ್ಡರ್:

ಎಲ್ಲರಿಗೂ ನಮಸ್ಕಾರ. ಗುಬ್ಬಿ ಹತ್ತಿರ ನನ್ನದೊಂದು ವೆಲ್ಡಿಂಗ್ ಶಾಪ್ ಇದೆ. ಗೇಟು, ಕಿಟಕಿ ಗ್ರಿಲ್, ಟ್ರ್ಯಾಕ್ಟರ್ ಟ್ರೈಲರ್ ಮಾಡುವುದು ನನ್ನ ಕೆಲಸ. ಈ ಸಲ ದೋಣಿ ಮಾಡಿದ್ದೇನೆ.

ನಮ್ಮೂರ ಕೆರೆ ಎಷ್ಟೋ ವರ್ಷ ಜಾಲಿ ಬೆಳೆದುಕೊಂಡು ಒಣಗಿ ಬಿದ್ದಿತ್ತು. ಹೇಮಾವತಿ ನೀರು ಹರಿಸಿದ ಮೇಲೆ ತುಂಬಿತು. ಮೀನು ಬಂತು, ಜೊತೆಗೆ ಅಂತರಗಂಗೆಯೂ ಬಂತು. ಈಗ ತೂಬಿನ ಕಡೆಯೆಲ್ಲ ಹಸಿರು ಮುಚ್ಚಿಕೊಂಡಿದೆ, ಬಲೆ ಬಿಡಲು ಜಾಗವಿಲ್ಲ. ನಮ್ಮ ಸೋದರಮಾವ ಮೀನುಗಾರರ ಸಂಘದಲ್ಲಿದ್ದಾರೆ. ಹರಿಗೋಲಿನಲ್ಲಿ ಕೂತು ಕಳೆ ಎಳೆದರೆ ಕಳೆ ಬರುವುದಿಲ್ಲ, ಹರಿಗೋಲೇ ಸುತ್ತುತ್ತದೆ. "ನಿಂತುಕೊಂಡು ಕೆಲಸ ಮಾಡೋ ಹಾಗೆ ಒಂದು ದೋಣಿ ಮಾಡಿಕೊಡೋ" ಅಂದರು. ಮಾಡಿದೆ.

ಉದ್ದ 20 ಅಡಿ, ಅಗಲ 6 ಅಡಿ, ಎತ್ತರ ಎರಡೂಕಾಲು ಅಡಿ. ತಳ ಚಪ್ಪಟೆ, 4 ಎಂಎಂ ಪ್ಲೇಟ್. ಪಕ್ಕಗಳಿಗೆ 3 ಎಂಎಂ. ಮೂತಿ ಮೇಲಕ್ಕೆ ಎತ್ತಿದೆ. ಒಳಗೆ ಆಂಗಲ್ ಕೊಟ್ಟಿದ್ದೇನೆ. ಹಿಂದುಗಡೆ 9.9 ಎಚ್‌ಪಿ ಪೆಟ್ರೋಲ್ ಮೋಟರ್ ಕೂರಿಸುತ್ತೇವೆ. ರೆಡ್ ಆಕ್ಸೈಡ್ ಒಂದು ಕೋಟ್ ಆಗಿದೆ.

ಈಗ ನನ್ನ ಪ್ರಶ್ನೆ. ನಾಲೆ ನಮ್ಮ ಶಾಪ್‌ನಿಂದ ಒಂದು ಫರ್ಲಾಂಗ್ ಕೂಡ ಇಲ್ಲ. ಗೆಳೆಯನೊಬ್ಬ ಇಂಗ್ಲೆಂಡಿನ ನಾಲೆ ದೋಣಿಗಳ ವಿಡಿಯೋ ತೋರಿಸಿ, "ನಾಲೆಗೆ ಇಳಿಸು, ತೇಲಿಸಿಕೊಂಡೇ ಕೆರೆಗೆ ಹೋಗೋಣ" ಅನ್ನುತ್ತಿದ್ದಾನೆ. ಮಾವ ಹೈಡ್ರಾ ಕ್ರೇನ್ ತರಿಸಿ ಏರಿ ಮೇಲಿಂದ ಇಳಿಸೋಣ ಅನ್ನುತ್ತಾರೆ. ಯಾವುದು ಸರಿ? ತೇಲುತ್ತದೆ ಅಂತ ನಂಬಿಕೆ ಇದೆ, ಆದರೆ ಮಟ್ಟವಾಗಿ ತೇಲುತ್ತದಾ, ಎಲ್ಲಾದರೂ ಸೋರುತ್ತದಾ ಅಂತ ಮೊದಲೇ ತಿಳಿಯುವುದು ಹೇಗೆ? ಬರುವ ಭಾನುವಾರ ಗಂಗೆ ಪೂಜೆ ಇಟ್ಟುಕೊಂಡಿದ್ದಾರೆ. ಪಂಚಾಯ್ತಿಯವರು, ಶಾಲೆ ಮಕ್ಕಳು ಎಲ್ಲರೂ ಮೊದಲ ಸುತ್ತು ಕೂರಬೇಕು ಅಂತ ಕಾಯುತ್ತಿದ್ದಾರೆ. ನಮ್ಮೂರಲ್ಲಿ ಇದನ್ನು ಕೇಳಲು ಯಾರೂ ಇಲ್ಲ. ದಯವಿಟ್ಟು ಗೊತ್ತಿರುವವರು ಬಿಡಿಸಿ ಹೇಳಿ.

ತುರುವೇಕೆರೆ ಗದ್ದೆ:

ಅಣ್ಣಾ, ನಾಲೆಯ ಯೋಚನೆ ಈಗಲೇ ಬಿಡಿ. ನಮ್ಮ ಜಮೀನು ನಾಲೆ ಪಕ್ಕದಲ್ಲೇ ಇದೆ. ಎರಡೂ ಕಡೆ ಕಾಂಕ್ರೀಟ್ ಇಳಿಜಾರು, ಅದರ ಮೇಲೆ ಪಾಚಿ. ಜಾರಿದ ಎಮ್ಮೆಗೇ ಮೇಲೆ ಹತ್ತಲು ಆಗುವುದಿಲ್ಲ. ಮುಂದೆ ಗೇಟು ಇದೆ, ಸೇತುವೆ ತಗ್ಗಾಗಿದೆ, ಒಂದೆರಡು ಕಡೆ ನೀರು ಧುಮುಕುತ್ತದೆ. ದೋಣಿ ಒಮ್ಮೆ ಅಡ್ಡ ತಿರುಗಿ ಸಿಕ್ಕಿಕೊಂಡರೆ ಹಿಂದಿನ ನೀರೆಲ್ಲ ಅದರ ಮೇಲೇ ಒತ್ತುತ್ತದೆ. ಇಲಾಖೆಯವರೂ ಬಿಡುವುದಿಲ್ಲ.

ತಿಪಟೂರು ತೋಟ:

ನಾನು ತಿಪಟೂರಿನವನು. ಇಂಗ್ಲೆಂಡಿನ ನಡುಭಾಗದಲ್ಲಿ ನಾಲೆ ದೋಣಿ ಕಟ್ಟುವ ಯಾರ್ಡ್ ಒಂದರಲ್ಲಿ ಕೆಲವು ವರ್ಷ ಪ್ಲೇಟ್ ಕೆಲಸ ಮಾಡಿದ್ದೇನೆ. ಈಗ ತೋಟ ನೋಡಿಕೊಂಡಿದ್ದೇನೆ. ನಿಮ್ಮ ಪ್ರಶ್ನೆ ನೋಡಿ ತುಂಬಾ ಸಂತೋಷವಾಯಿತು. ಮಾಡುವ ಮೊದಲು ಕೇಳುವವರು ಕಡಿಮೆ. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ನಾಲೆಯ ವಿಷಯ. ನಿಮ್ಮ ಗೆಳೆಯರು ನೋಡಿದ ನಾಲೆಯೇ ಬೇರೆ ಜಾತಿಯದು. ಅದನ್ನು ತೋಡಿದ್ದೇ ಕಲ್ಲಿದ್ದಲು, ಸರಕು ಸಾಗಿಸಲು. ಅಲ್ಲಿ ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ. ನೆಲ ಏರಿದ ಕಡೆ ಎರಡು ಬಾಗಿಲಿನ ತೊಟ್ಟಿ ಕಟ್ಟಿರುತ್ತಾರೆ, ಲಾಕ್ ಅಂತ. ದೋಣಿಯನ್ನು ಒಳಗೆ ಬಿಟ್ಟು ಬಾಗಿಲು ಹಾಕಿ, ನೀರು ತುಂಬಿಸಿ ಮೇಲಕ್ಕೆ ಎತ್ತುತ್ತಾರೆ. ಆ ತೊಟ್ಟಿಯ ಅಗಲ ಸುಮಾರು 7 ಅಡಿ. ಅದಕ್ಕೇ ದೋಣಿಯ ಅಗಲ 6 ಅಡಿ 10 ಇಂಚು, ಉದ್ದ ಮಾತ್ರ 70 ಅಡಿವರೆಗೂ ಹೋಗುತ್ತದೆ. ಗಂಟೆಗೆ 4 ಮೈಲಿಗಿಂತ ಜೋರಾಗಿ ಹೋಗುವ ಹಾಗಿಲ್ಲ. ನಮ್ಮ ನಾಲೆ ನೀರಾವರಿಯದು. ನೀರು ಓಡಲಿ ಅಂತಲೇ ಇಳಿಜಾರು ಕೊಟ್ಟಿರುತ್ತಾರೆ. ತುರುವೇಕೆರೆಯವರು ಹೇಳಿದ್ದು ನೂರಕ್ಕೆ ನೂರು ಸರಿ.

ಇನ್ನು ನಿಮ್ಮ ದೋಣಿ. ಕಬ್ಬಿಣದ ಪ್ಲೇಟ್ ಒಂದು ಚದರ ಮೀಟರಿಗೆ, ಒಂದು ಎಂಎಂ ದಪ್ಪಕ್ಕೆ 7.85 ಕೆಜಿ ತೂಗುತ್ತದೆ. ನಿಮಗೆ ಗೊತ್ತಿರುವುದೇ. ಆ ಲೆಕ್ಕದಲ್ಲಿ ತಳ, ಪಕ್ಕ, ಹಿಂಬದಿ, ಆಂಗಲ್ ಎಲ್ಲ ಸೇರಿ ಸುಮಾರು 700 ಕೆಜಿ ಆಗಬಹುದು. ಟ್ರೈಲರ್ ಮೇಲಿಟ್ಟು ತೂಕದ ಸೇತುವೆಗೆ ಒಯ್ದು ಸರಿಯಾಗಿ ತೂಗಿಸಿ, ಅಂದಾಜು ಬೇಡ. ಮೂತಿ ಬಿಟ್ಟು ನೀರಿಗೆ ತಾಗುವ ತಳ 10 ಚದರ ಮೀಟರ್ ಅಂದುಕೊಳ್ಳೋಣ. ಒಂದು ಸೆಂಟಿಮೀಟರ್ ಮುಳುಗಿದರೆ 100 ಲೀಟರ್ ನೀರು ಪಕ್ಕಕ್ಕೆ ಸರಿಯುತ್ತದೆ, ಅಂದರೆ 100 ಕೆಜಿ. ಹಾಗಾಗಿ ಖಾಲಿ ದೋಣಿ 7 ಸೆಂಟಿಮೀಟರ್ ಮುಳುಗುತ್ತದೆ. ಮೋಟರ್, ನಾಲ್ಕು ಜನ ಸೇರಿದರೆ 10. ಅರ್ಧ ಟನ್ ಒದ್ದೆ ಕಳೆ ಹಾಕಿದರೆ 15. ಪಕ್ಕದ ಎತ್ತರ 68 ಸೆಂಟಿಮೀಟರ್ ಇದೆ. ಇನ್ನೂ ಬೇಕಾದಷ್ಟು ಉಳಿಯುತ್ತದೆ.

ಆದ್ದರಿಂದ ನಿಮ್ಮ ದೋಣಿಗೆ ಭಾರದ ಭಯ ಇಲ್ಲ. ಭಾರ ಒಂದೇ ಪಕ್ಕಕ್ಕೆ ಸೇರುವುದರ ಭಯ ಇದೆ. ನಾಲ್ಕೂ ಜನ ಒಂದೇ ಕಡೆ ಬಗ್ಗಿ ಕಳೆ ಜಗ್ಗುವಾಗ ಏನಾಗುತ್ತದೆ ಅನ್ನುವುದೇ ನೀವು ನೋಡಬೇಕಾದ್ದು.

ಸೋರಿಕೆಗೆ ನಮ್ಮ ಹಳೇ ಸುಣ್ಣ–ಸೀಮೆಎಣ್ಣೆ ಪರೀಕ್ಷೆ ಸಾಕು. ವೆಲ್ಡ್ ಸಾಲಿನ ಮೇಲಿನ ರೆಡ್ ಆಕ್ಸೈಡ್ ಅನ್ನು ಎರಡೂ ಕಡೆ ವೈರ್ ಬ್ರಷ್ ಹಾಕಿ ತೆಗೆಯಿರಿ. ಸ್ಲ್ಯಾಗ್, ಅಂದರೆ ವೆಲ್ಡ್ ಮೇಲೆ ಕಟ್ಟುವ ಕಿಟ್ಟ, ಚೂರೂ ಉಳಿಯಬಾರದು, ಅದು ತೂತನ್ನು ಮುಚ್ಚಿಕೊಂಡು ಸುಳ್ಳು ಹೇಳುತ್ತದೆ. ಹೊರಗಡೆ ತೆಳ್ಳಗೆ ಸುಣ್ಣ ಬಳಿದು ಪೂರ್ತಿ ಒಣಗಲು ಬಿಡಿ. ಆಮೇಲೆ ಒಳಗಿನಿಂದ ಸಾಲಿನುದ್ದಕ್ಕೂ ಸೀಮೆಎಣ್ಣೆ ಹಚ್ಚಿ. ಸೀಮೆಎಣ್ಣೆ ಈಗ ಸಿಗುವುದು ಕಷ್ಟ, ಡೀಸೆಲ್ ಆದರೂ ನಡೆಯುತ್ತದೆ, ಜಾಸ್ತಿ ಹೊತ್ತು ಕಾಯಬೇಕು ಅಷ್ಟೇ. ಸೂಜಿಮೊನೆಯಷ್ಟು ತೂತಿದ್ದರೂ ಬಿಳಿ ಸುಣ್ಣದ ಮೇಲೆ ಒಂದು ಕಂದು ಚುಕ್ಕೆ ಮೂಡಿ ನಿಧಾನಕ್ಕೆ ಅಗಲವಾಗುತ್ತದೆ. ಬಳಪದಲ್ಲಿ ಸುತ್ತು ಹಾಕಿ. ಎಣ್ಣೆ ಚೆನ್ನಾಗಿ ಒರೆಸಿ, ಗ್ರೈಂಡ್ ಮಾಡಿ, ಮತ್ತೆ ವೆಲ್ಡ್ ಮಾಡಿ. ಮೂಲೆಗಳಲ್ಲಿ, ಅಂದರೆ ತಳ, ಪಕ್ಕ, ಹಿಂಬದಿ ಮೂರೂ ಸೇರುವ ಕಡೆ, ಎರಡು ಸಲ ನೋಡಿ. ಸೋರುವುದು ಯಾವಾಗಲೂ ಅಲ್ಲೇ. ಇದೆಲ್ಲ ಮುಗಿದ ಮೇಲೆ ಬಣ್ಣ. ಇಂಗ್ಲೆಂಡಿನಲ್ಲಿ ದೋಣಿಯ ನೀರೊಳಗಿನ ಭಾಗಕ್ಕೆ ಕಪ್ಪು ಬಿಟುಮಿನ್ ಬಳಿಯುತ್ತಾರೆ, ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಬಳಿಯುತ್ತಾರೆ. ನೀವೂ ಅದನ್ನೇ ಬಳಿಯಬಹುದು.

ಕ್ರೇನ್ ಏರಿ ಮೇಲೆ ಬೇಡ. ಹಳೇ ಮಣ್ಣಿನ ಏರಿ, ಅಂಚಿಗೆ ಅಷ್ಟು ಭಾರದ ಗಾಡಿ ನಿಂತರೆ ಒಳಗಿನ ಕಲ್ಲುಕಟ್ಟು ಜಾರುತ್ತದೆ. ಏರಿಗೆ ಏನಾದರೂ ಆದರೆ ಊರಿಗೇ ತೊಂದರೆ. ಹೈಡ್ರಾ ಕೂಡ ತೋಳು ಮುಂದಕ್ಕೆ ಚಾಚಿದಷ್ಟೂ ಕಡಿಮೆ ಭಾರ ಎತ್ತುತ್ತದೆ. 700 ಕೆಜಿಗೆ ಅದರ ಅಗತ್ಯವೇ ಇಲ್ಲ. ಕೆರೆಯ ಅಂಗಳದ ಕಡೆ ಹೋಗಿ. ನೀರು ಮೆಲ್ಲಗೆ ಆಳವಾಗುವ ಜಾಗ ಹುಡುಕಿ. ಗೋಡು ಜಾಸ್ತಿ ಇದ್ದರೆ ಹಲಗೆ ಹಾಸಿ. ಟ್ರೈಲರ್‌ನಿಂದ ಎರಡು ಇಂಚಿನ ಜಿಐ ಪೈಪುಗಳ ಮೇಲೆ ಇಳಿಸಿ, ಉರುಳಿಸಿಕೊಂಡು ಹೋಗಿ. ಹಿಂದಿನಿಂದ ಹಗ್ಗ ಟ್ರ್ಯಾಕ್ಟರಿಗೆ ಕಟ್ಟಿರಲಿ, ದೋಣಿ ತಾನಾಗಿ ಓಡಬಾರದು. ಅದರ ಮುಂದೆ ಯಾರೂ ನಿಲ್ಲಬಾರದು.

ಇಲ್ಲಿ ನಾನು ಹೇಳುವ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳಿ. ನೀರು ಕಂಡ ಕೂಡಲೇ ಹಗ್ಗ ಬಿಚ್ಚಬೇಡಿ.

ಅಲ್ಲಿ ಆ ದೋಣಿಗಳು ತಳಕ್ಕೆ 10 ಎಂಎಂ, ಪಕ್ಕಕ್ಕೆ 6 ಎಂಎಂ ಪ್ಲೇಟಿನವು. ದೊಡ್ಡವು 15 ಟನ್ ದಾಟುತ್ತವೆ. ಕ್ರೇನಿನಿಂದ ನೀರಿಗೆ ಇಳಿಸಿದ ಮೇಲೂ ಪಟ್ಟಿಗಳನ್ನು ಸಡಿಲ ಬಿಟ್ಟು ಹಾಗೇ ಇಟ್ಟಿರುತ್ತಾರೆ. ಒಬ್ಬ ಟಾರ್ಚ್ ಹಿಡಿದು ಒಳಗೆ ಹೋಗುತ್ತಾನೆ. ತಳ, ಮೂಲೆ, ನೀರು ತಳ್ಳುವ ಫ್ಯಾನಿನ ದಂಡ ಹೊರಗೆ ಹೋಗುವ ತೂತು, ಎಲ್ಲವನ್ನೂ ಕೈ ಆಡಿಸಿ ನೋಡುತ್ತಾನೆ. ಒಣಗಿದೆ ಅಂತ ಅವನು ಕೂಗಿ ಹೇಳಿದ ಮೇಲೇ ಪಟ್ಟಿ ತೆಗೆಯುವುದು. ಎಷ್ಟೇ ಹಳೇ ಯಾರ್ಡ್ ಆದರೂ, ಎಷ್ಟೇ ಪಳಗಿದ ಕೆಲಸಗಾರ ಆದರೂ ಇದನ್ನು ಬಿಡುವುದಿಲ್ಲ. ನನಗೆ ಆ ಕೆಲಸದಲ್ಲಿ ತುಂಬಾ ಗೌರವ ಬಂದಿದ್ದು ಈ ಒಂದು ಪದ್ಧತಿಯಿಂದ.

ನೀವೂ ಹಾಗೇ ಮಾಡಿ. ಒಳಗೆ ಸಾಲಿನ ಪಕ್ಕ ಒಣ ಬಳಪದ ಪುಡಿ ಉದುರಿಸಿ. ಮೊಣಕಾಲು ಮಟ್ಟದ ನೀರಿನಲ್ಲಿ ಹಗ್ಗ ಕಟ್ಟಿ ಒಂದು ಗಂಟೆ ಬಿಡಿ. ಪುಡಿ ಒದ್ದೆಯಾದ ಕಡೆ ಗೊತ್ತಾಗಿಬಿಡುತ್ತದೆ. ಒಣಗಿದ್ದರೆ ಮರಳು ಚೀಲ ಹಾಕಿ. ಮೊದಲು ನಡುವೆ, ಆಮೇಲೆ ಒಂದೊಂದೇ ಚೀಲ ಒಂದು ಪಕ್ಕಕ್ಕೆ. ವಾಲುವುದನ್ನು ದಡದಿಂದ ಅಳೆಯಿರಿ. ಮನುಷ್ಯರು ಹತ್ತುವುದು ಇಷ್ಟೆಲ್ಲ ಆದ ಮೇಲೆ.

ಭಾನುವಾರ ಜನ ಕೂರಿಸಿಕೊಂಡು ಇಳಿಸುವ ಯೋಚನೆ ಇದ್ದರೆ ಖಂಡಿತ ಬೇಡ. 1883ರ ಜುಲೈಯಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಡಾಫ್ನೆ ಅನ್ನುವ ಹೊಸ ಹಡಗನ್ನು ಕೆಲಸಗಾರರು ಒಳಗಿರುವಾಗಲೇ ನದಿಗೆ ಜಾರಿಸಿದರು. ಒಳಗೆ ಬಿಡಿ ಸಾಮಾನುಗಳೂ ಇದ್ದವು. ಹಡಗು ಪಕ್ಕಕ್ಕೆ ವಾಲಿತು, ಅಲ್ಲೇ ಮಗುಚಿತು. 124 ಜನ ಹೋದರು. ದಡ ಕಣ್ಣೆದುರೇ ಇತ್ತು.

ಕೋಲಾರ ಬಲೆ:

ಮೇಲಿನ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. 2018ರಲ್ಲಿ ಕೆಸಿ ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರ ಕೆರೆಗೆ ಬಂದಾಗಿನಿಂದ ನಮ್ಮ ಕಡೆಯೂ ಒಂದೊಂದೇ ಕೆರೆ ತುಂಬಿದವು. ಈಜು ಬರದ ಒಂದು ಪೀಳಿಗೆ ಹುಡುಗರ ಮುಂದೆ ಒಮ್ಮೆಲೇ ನೀರು ಬಂದು ನಿಂತಿತು. ನಿಮ್ಮೂರಲ್ಲೂ ಹಾಗೇ ಇರಬೇಕು. ಲೈಫ್ ಜಾಕೆಟ್ ಇಲ್ಲದೆ ಯಾರನ್ನೂ ಹತ್ತಿಸಬೇಡಿ, ಈಜು ಬಲ್ಲವರನ್ನೂ.

ಇನ್ನೊಂದು. ಹರಿಗೋಲು ಮಗುಚಿದರೂ ಹಿಡಿದುಕೊಂಡು ತೇಲಬಹುದು. ಕಬ್ಬಿಣದ ದೋಣಿಗೆ ನೀರು ತುಂಬಿದರೆ ನೇರ ತಳಕ್ಕೆ. ಒಳಗೆ ಗಾಳಿ ತುಂಬಿದ ಏನಾದರೂ ಕಟ್ಟಿದ್ದೀರಾ? ಮೋಟರ್ ನಂಬಿಕೊಂಡು ಹುಟ್ಟು, ಬೊಂಬಿನ ಗಣೆ ಬಿಟ್ಟು ಹೋಗಬೇಡಿ. ಅಂತರಗಂಗೆಯ ಬೇರು ಫ್ಯಾನಿಗೆ ಸುತ್ತಿಕೊಂಡರೆ ಮೋಟರ್ ಅಲ್ಲೇ ನಿಲ್ಲುತ್ತದೆ.

ತಿಪಟೂರು ತೋಟ:

ಕೋಲಾರದವರು ಬಹಳ ಮುಖ್ಯವಾದದ್ದು ಹಿಡಿದರು. 700 ಕೆಜಿ ಕಬ್ಬಿಣ ನೀರೊಳಗೆ ಹೋದರೂ 600 ಕೆಜಿ ಮೇಲೇ ತೂಗುತ್ತದೆ. ಜೊತೆಗೆ ಮೋಟರ್. ಅಂದರೆ ಕನಿಷ್ಠ 800 ಲೀಟರ್ ಗಾಳಿ ಒಳಗೆ ಕಟ್ಟಿರಬೇಕು. 50 ಲೀಟರಿನ ಪ್ಲಾಸ್ಟಿಕ್ ಕ್ಯಾನ್ 16 ಸಾಕು. ಮುಚ್ಚಳ ಬಿಗಿಯಾಗಿರಲಿ. ಎರಡೂ ಪಕ್ಕಕ್ಕೆ ಸಮವಾಗಿ, ಆದಷ್ಟು ಮೇಲಂಚಿನ ಹತ್ತಿರ, ಪಟ್ಟಿ ಹೊಡೆದು ಕಟ್ಟಿ. ತಳದಲ್ಲಿ ಮಾತ್ರ ಕಟ್ಟಿದರೆ ನೀರು ತುಂಬಿದಾಗ ದೋಣಿ ತಲೆಕೆಳಗಾಗುತ್ತದೆ.

ಚಿಕ್ಕಬಳ್ಳಾಪುರ ಶಾರದಮ್ಮನ ಮಗಳು:

ತಮ್ಮಾ, ದೋಣಿ ವಿಷಯ ನನಗೆ ಗೊತ್ತಿಲ್ಲ, ಜನರ ವಿಷಯ ಗೊತ್ತು. ನಮ್ಮ ಪಂಚಾಯ್ತಿಯಲ್ಲಿ ಕೆರೆ ತುಂಬಿದಾಗ ಬಾಗಿನ ಕೊಡುವ ಕೆಲಸಕ್ಕೆ ನಾನೇ ಓಡಾಡಿದ್ದೆ. ಪೂಜೆ ದಿನ, ತಮಟೆ ಶುರುವಾದ ಮೇಲೆ ಯಾರೂ ಯಾರ ಮಾತೂ ಕೇಳುವುದಿಲ್ಲ. ಮುಖಂಡರು ಒಬ್ಬರು ಹತ್ತಿದರೆ ಹಿಂದೆ ಇಪ್ಪತ್ತು ಜನ ಹತ್ತುತ್ತಾರೆ. "ಇಳೀರಿ" ಅನ್ನಲು ನಿನಗೆ ಬಾಯಿ ಬರುವುದಿಲ್ಲ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆ ದಿನ ದೋಣಿ ಮಗುಚಿ 16 ಜನ ತೀರಿಕೊಂಡರು, ನೆನಪಿದೆ ಅಲ್ವಾ?

ಎರಡು ದಿನ ಮಾಡು. ನೀರು ಮುಟ್ಟುವ ಮೊದಲು ಗಂಗಮ್ಮನಿಗೆ ಕೈ ಮುಗಿಯಲೇಬೇಕು, ಹಿರಿಯರ ಮಾತು ಅದು, ತಪ್ಪಿಸಬೇಡ. ವಾರದ ನಡುವೆ ಒಂದು ಬೆಳಿಗ್ಗೆ ಮನೆಯವರು, ಸಂಘದವರು ಅಷ್ಟೇ ಹೋಗಿ. ಅರಿಶಿನ ಕುಂಕುಮ, ಹೂವು, ಒಂದು ಕಾಯಿ. ಪೂಜೆ ಮಾಡಿ ಇಳಿಸಿ, ಸರ್ ಹೇಳಿದ ಪರೀಕ್ಷೆಯೆಲ್ಲ ಮುಗಿಸಿ. ಭಾನುವಾರದ ಪೂಜೆ ಊರಿನದು. ಅವತ್ತು ದೋಣಿ ನೀರಿನಲ್ಲೇ ಸಿಂಗರಿಸಿ ನಿಂತಿರಲಿ, ಜನ ದಡದಲ್ಲಿ. ಮಕ್ಕಳ ಸುತ್ತು ಇನ್ನೊಂದು ದಿನ, ಜಾಕೆಟ್ ಎಷ್ಟಿದೆಯೋ ಅಷ್ಟೇ ಮಕ್ಕಳು.

ಮತ್ತೆ ಕೆರೆ ಯಾರ ಸುಪರ್ದಿಗೆ ಬರುತ್ತದೆ ನೋಡು. ಅಚ್ಚುಕಟ್ಟು 40 ಹೆಕ್ಟೇರ್ ಒಳಗಿದ್ದರೆ ಪಂಚಾಯ್ತಿ, ಅದಕ್ಕಿಂತ ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆ. ಒಂದು ಪತ್ರ ಕೊಟ್ಟು ಒಪ್ಪಿಗೆ ತಗೋ. ಮೋಟರ್ ಇರುವ ದೋಣಿಗೆ 2021ರ ಒಳನಾಡು ಹಡಗು ಕಾಯ್ದೆ ಅಂತ ಇದೆ, ನೋಂದಣಿ ಬಗ್ಗೆಯೂ ಕೇಳಿಕೋ. ಸಂಘದ ಹೆಸರಲ್ಲೇ ಆಗಲಿ.

ಗುಬ್ಬಿ ವೆಲ್ಡರ್:

ಎಲ್ಲರಿಗೂ ಕೈ ಮುಗಿದು ಧನ್ಯವಾದ. ಅಕ್ಕಾ, ನಿಮ್ಮ ಮಾತನ್ನು ಮಾವನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಆ ತಾಯಿ ಹೇಳಿದ ಹಾಗೇ ಮಾಡು" ಅಂದರು. ಬುಧವಾರ ಬೆಳಿಗ್ಗೆ ನಾವು ನಾವೇ ಇಳಿಸುತ್ತೇವೆ. ಕ್ರೇನ್‌ನವನಿಗೆ ಬೇಡ ಅಂತ ಫೋನ್ ಮಾಡಿದೆ. ಪಂಚಾಯ್ತಿಗೆ ಸಂಘದಿಂದ ಪತ್ರ ಹೋಗುತ್ತದೆ.

ಸುಣ್ಣ ಇವತ್ತೇ ಬಳಿದೆ. ಎಡಗಡೆ ಹಿಂದಿನ ಮೂಲೆಯಲ್ಲಿ ಒಂದು ಚುಕ್ಕೆ ಬಂತು ಸರ್, ನೀವು ಹೇಳಿದ ಜಾಗದಲ್ಲೇ. ಸಾಸಿವೆ ಕಾಳಿನಷ್ಟಿತ್ತು, ನೋಡನೋಡುತ್ತಾ ಕಾಸಗಲ ಆಯಿತು. ಗ್ರೈಂಡ್ ಮಾಡಿ ಮತ್ತೆ ಹೊಡೆದಿದ್ದೇನೆ, ನಾಳೆ ಇನ್ನೊಂದು ಸಲ ಸುಣ್ಣ ಹಾಕುತ್ತೇನೆ. ಕ್ಯಾನ್ ಕಟ್ಟಲು ಮೇಲಂಚಿಗೆ ಪಟ್ಟಿ ಕೊಡುತ್ತಿದ್ದೇನೆ. ಒಂದೇ ಅನುಮಾನ: ಮೋಟರ್ ಹಿಂದೆ ಕೂತರೆ ಹಿಂಭಾಗ ಜಾಸ್ತಿ ಮುಳುಗುತ್ತದೆ ತಾನೇ? ಮೂತಿಯೊಳಗೆ ಈಗಲೇ ಭಾರ ಹಾಕಿ ಬೆಸುಗೆ ಮಾಡಿಬಿಡಲಾ?

ತಿಪಟೂರು ತೋಟ:

ಈಗ ಬೆಸುಗೆ ಬೇಡ. ಅಲ್ಲಿ ದೋಣಿ ನೀರಿಗೆ ಇಳಿದ ಮೇಲೇ ಇಟ್ಟಿಗೆ, ಕಲ್ಲು ಹಾಸಿ ಮಟ್ಟ ಮಾಡುತ್ತಾರೆ, ಅದೂ ತೆಗೆದು ಸರಿಸುವ ಹಾಗೆ. ಬುಧವಾರ ನಾಲ್ಕೂ ಮೂಲೆಯಲ್ಲಿ ನೀರಿನಿಂದ ಮೇಲಂಚಿನವರೆಗೆ ಅಳೆದು ಬರೆದುಕೊಳ್ಳಿ. ಮೊದಲು ಖಾಲಿ ದೋಣಿ, ಆಮೇಲೆ ಮೋಟರ್ ಕೂರಿಸಿ, ಆಮೇಲೆ ಮೋಟರ್ ನಡೆಸುವವರು ಕೂತ ಮೇಲೆ. ಎಡ ಬಲ ಒಂದೇ ಇರಬೇಕು. ಹಿಂಭಾಗ ಎರಡು ಮೂರು ಸೆಂಟಿಮೀಟರ್ ತಗ್ಗಿದ್ದರೆ ಒಳ್ಳೆಯದೇ, ಫ್ಯಾನ್ ನೀರೊಳಗೆ ಇರುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಪೆಟ್ರೋಲ್ ಟ್ಯಾಂಕ್ ಮುಂದಕ್ಕೆ ಸರಿಸಿ ನೋಡಿ. ಅಳತೆಗಳನ್ನು ಇಲ್ಲಿ ಹಾಕಿ, ಲೆಕ್ಕ ಹಾಕಿ ಹೇಳುತ್ತೇನೆ.