ಕನ್ವರ್ಟ್ ಮಾಡಿದ ಮೇಲೆ ಚಿತ್ರ ಮುಂದೆ, ಧ್ವನಿ ಹಿಂದೆ: ಸರಿ ಮಾಡಿದವರು ಯಾರಾದರೂ ಇದ್ದೀರಾ?

ಪ್ರಶ್ನೆ, ಕುಂದಾಪುರ ಕಡೆಯಿಂದ:
ನಮ್ಮೂರ ಬಯಲಾಟವನ್ನು ಫೋನಿನಲ್ಲಿ ಎರಡು ಗಂಟೆ ರೆಕಾರ್ಡ್ ಮಾಡಿದ್ದೆ. ಫೋನಿನಲ್ಲಿ ಚೆನ್ನಾಗೇ ಇದೆ. ಅಪ್ಪಯ್ಯನಿಗೆ ತೋರಿಸೋಣ ಅಂತ ಹಳೆ ಟಿವಿಗೆ ಪೆನ್‌ಡ್ರೈವ್ ಹಾಕಿದರೆ ಬರೀ ಧ್ವನಿ, ಚಿತ್ರವಿಲ್ಲ. ಯಾವುದೋ ಫ್ರೀ ಕನ್ವರ್ಟರ್‌ನಲ್ಲಿ ಬದಲಾಯಿಸಿದೆ. ಈಗ ಚಿತ್ರ ಬರುತ್ತದೆ, ಆದರೆ ಭಾಗವತರು ಬಾಯಿ ಮುಚ್ಚಿದ ಮೇಲೂ ಪದ್ಯ ಕೇಳುತ್ತಲೇ ಇರುತ್ತದೆ!

ಮದುವೆ ವಿಡಿಯೊ ಎಡಿಟಿಂಗ್ ಮಾಡುವವರು, ಶಿವಮೊಗ್ಗ:
ಮೊದಲು ಒಂದು ನೋಡಿ ಹೇಳಿ. ವ್ಯತ್ಯಾಸ ಶುರುವಿನಿಂದ ಕೊನೆವರೆಗೂ ಅಷ್ಟೇ ಇದೆಯಾ, ಹೋಗ್ತಾ ಹೋಗ್ತಾ ಹೆಚ್ಚಾಗುತ್ತದಾ? ಚೆಂಡೆಗೆ ಕೋಲು ಬೀಳುವ ಜಾಗ ಹಿಡಿದು ನೋಡಿ, ಅದಕ್ಕಿಂತ ಒಳ್ಳೆ ಗುರುತು ಬೇರೆ ಬೇಡ.

ಪ್ರಶ್ನೆ ಕೇಳಿದವರು:
ಶುರುವಿನಲ್ಲಿ ಸರಿ ಇದೆ. ಕೊನೆಗೆ ಹತ್ತಿರ ಹತ್ತಿರ ನಾಲ್ಕು ಸೆಕೆಂಡು.

ವಿಎಚ್‌ಎಸ್ ಕ್ಯಾಸೆಟ್ ಡಿಜಿಟಲ್ ಮಾಡಿಸಿಟ್ಟುಕೊಂಡವರು, ಸಿರ್ಸಿ:
ಧ್ವನಿ ಎಡಿಟ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಧ್ವನಿಯನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ನನ್ನ ಹಳೆ ಆಟದ ಕ್ಯಾಸೆಟ್‌ಗಳಿಗೆ ಅದೇ ಮಾಡಿದ್ದು. ಚಿತ್ರ ಯುಎಸ್‌ಬಿ ಕ್ಯಾಪ್ಚರ್ ಡಬ್ಬಿಯಿಂದ (ಕ್ಯಾಸೆಟ್ಟಿನದನ್ನು ಕಂಪ್ಯೂಟರಿಗೆ ಕೊಡುವ ಸಾಧನ), ಧ್ವನಿ ಕಂಪ್ಯೂಟರಿನ ಮೈಕ್ ತೂತಿನಿಂದ ಒಳಗೆ ಹೋಗಿತ್ತು. ಎರಡರ ಗಡಿಯಾರವೂ ಬೇರೆ, ಗಂಟೆ ಕಳೆದಂತೆ ಅಗಲುತ್ತಾ ಹೋಗುತ್ತವೆ. ಎರಡೂ ಒಂದೇ ಕ್ಯಾಪ್ಚರ್ ಡಬ್ಬಿಯಿಂದ ಹೋದರೆ ಸಾಮಾನ್ಯವಾಗಿ ಈ ರಗಳೆ ಇರುವುದಿಲ್ಲ.

ಶಿವಮೊಗ್ಗದವರು:
ಸಿರ್ಸಿಯವರೇ, ಕ್ಯಾಸೆಟ್‌ಗೆ ಅದು ಸರಿ. ಇವರದಕ್ಕೆ ಕೂರುವುದಿಲ್ಲ. ಫೋನು ಸೆಕೆಂಡಿಗೆ 30 ಫ್ರೇಮ್ (ಬಿಡಿ ಬಿಡಿ ಚಿತ್ರ) ಅಂತ ಹೇಳಿಕೊಂಡರೂ ಬೆಳಕು ಕಡಿಮೆಯಾದಾಗ ಎಷ್ಟೋ ಫೋನುಗಳು ಫ್ರೇಮ್ ಇಳಿಸುತ್ತವೆ, ಒಂದೊಂದು ಫ್ರೇಮಿಗೆ ಹೆಚ್ಚು ಬೆಳಕು ಸಿಗಲಿ ಅಂತ. ರಂಗಸ್ಥಳ ಮಬ್ಬಾದಾಗ ಸೆಕೆಂಡಿಗೆ 24, ಝಗಮಗ ಇದ್ದಾಗ 30. ಪ್ರತಿ ಫ್ರೇಮ್ ಯಾವಾಗ ತೋರಿಸಬೇಕು ಅನ್ನುವ ಸಮಯ ಫೈಲಿನಲ್ಲೇ ಇರುವುದರಿಂದ ಫೋನಿನಲ್ಲಿ ಗೊತ್ತಾಗುವುದಿಲ್ಲ. ನಿಮ್ಮ ಕನ್ವರ್ಟರ್ ಆ ಸಮಯವನ್ನು ಬಿಸಾಕಿ ಎಲ್ಲವನ್ನೂ 30ರ ಲೆಕ್ಕದಲ್ಲಿ ಜೋಡಿಸಿರಬೇಕು. ಎರಡು ಗಂಟೆಗೆ ಬೇಕಿದ್ದದ್ದು 2,16,000 ಫ್ರೇಮ್. ಅದರಲ್ಲಿ ಬರೀ 120 ಕಡಿಮೆಯಾದರೆ ಸಾಕು, ಚಿತ್ರ ನಾಲ್ಕು ಸೆಕೆಂಡು ಮೊದಲೇ ಮುಗಿಯುತ್ತದೆ. ಈ ಕೊರತೆ ಸಮನಾಗಿ ಹಂಚಿರುವುದಿಲ್ಲ. ಧ್ವನಿಯನ್ನು ಎಳೆದರೆ ಎರಡು ತುದಿ ಕೂಡಬಹುದು, ನಡುವೆ ತಾಳ ತಪ್ಪಿಯೇ ಇರುತ್ತದೆ.

ಹಾಳಾದ ಫೈಲಿನ ಮೇಲೆ ಕೈ ಆಡಿಸಬೇಡಿ. ಫೋನಿನ ಮೂಲ ಫೈಲನ್ನು, ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ, ಫ್ರೇಮ್ ರೇಟ್ ಮೋಡ್ ‘ವೇರಿಯಬಲ್’ (ಬದಲಾಗುತ್ತಿರುವುದು) ಅಂತ ತೋರಿಸಿದರೆ ಇದೇ ಕಾಯಿಲೆ. ಅದನ್ನೇ ಹ್ಯಾಂಡ್‌ಬ್ರೇಕ್ ಅನ್ನುವ ಕನ್ವರ್ಟರ್‌ಗೆ ಹಾಕಿ, ವಿಡಿಯೊ ಟ್ಯಾಬ್‌ನಲ್ಲಿ ಫ್ರೇಮ್ ರೇಟ್ 30, ‘ಕಾನ್‌ಸ್ಟಂಟ್’ (ಒಂದೇ ಸಮ) ಆಯ್ಕೆ ಮಾಡಿ. ಕಡಿಮೆ ಬಿದ್ದ ಕಡೆ ಹಿಂದಿನ ಫ್ರೇಮನ್ನೇ ಮತ್ತೆ ಹಾಕಿ ಅದು ಸಮಯ ತುಂಬಿಸುತ್ತದೆ. ವಿಡಿಯೊ ಎಚ್.264, ಧ್ವನಿ ಎಎಸಿ ಇರಲಿ (ಇವು ಚಿತ್ರ, ಧ್ವನಿಯನ್ನು ಕುಗ್ಗಿಸಿ ಉಳಿಸುವ ವಿಧಾನಗಳು). ಟಿವಿಯಲ್ಲಿ ಚಿತ್ರ ಬರದಿದ್ದದ್ದು ಬಹುಶಃ ಫೋನು ಎಚ್.265ರಲ್ಲಿ ಉಳಿಸಿದ್ದಕ್ಕೆ, ಹಳೆ ಟಿವಿಗಳಿಗೆ ಅದು ಓದಲಿಕ್ಕೆ ಬರುವುದಿಲ್ಲ.

ಇನ್ನೊಬ್ಬರು:
ವ್ಯತ್ಯಾಸ ಎಲ್ಲಾ ಕಡೆ ಒಂದೇ ಆಗಿರುವವರಿಗೆ ಇಷ್ಟೆಲ್ಲ ಬೇಡ. ವಿಎಲ್‌ಸಿಯಲ್ಲಿ ಜೆ, ಕೆ ಕೀ ಒತ್ತಿದರೆ ಒಂದೊಂದು ಸಲಕ್ಕೆ 50 ಮಿಲಿಸೆಕೆಂಡ್ ಧ್ವನಿ ಸರಿಯುತ್ತದೆ. ಎಷ್ಟು ಅಂತ ತಿಳಿದ ಮೇಲೆ, ಚಿತ್ರ ಧ್ವನಿ ಜೋಡಿಸುವ ಸಾಫ್ಟ್‌ವೇರ್ ಎಂಕೆವಿಟೂಲ್‌ನಿಕ್ಸ್‌ನಲ್ಲಿ ಅಷ್ಟೇ ಡಿಲೇ ಕೊಟ್ಟರೆ ಆಯಿತು, ಮರು ಎನ್‌ಕೋಡ್ ಇಲ್ಲ. ಅದಕ್ಕೂ ಮುಂಚೆ ಬ್ಲೂಟೂತ್ ಸ್ಪೀಕರ್ ಬಿಚ್ಚಿ ನೋಡಿ, ಅದರಲ್ಲೇ ಧ್ವನಿ ತಡವಾಗುವುದುಂಟು, ಅರ್ಧ ಜನರ ‘ಸಿಂಕ್ ಸಮಸ್ಯೆ’ ಅಲ್ಲೇ ಮುಗಿಯುತ್ತದೆ ಅನ್ನುವುದು ನನ್ನ ಅಂದಾಜು.

ಸಿರ್ಸಿಯವರು:
ಬಯಲಾಟದಲ್ಲಿ ಇನ್ನೊಂದುಂಟು. ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುವುದು. ನೀವು ಕೂತದ್ದು ರಂಗಸ್ಥಳದಿಂದ 34 ಮೀಟರ್ ದೂರವಾದರೆ, ಧ್ವನಿವರ್ಧಕವೂ ರಂಗಸ್ಥಳದಲ್ಲೇ ಇದ್ದರೆ, ಮೂಲ ಫೈಲಿನಲ್ಲೇ ಮೂರು ಫ್ರೇಮ್ ತಡ ಇರುತ್ತದೆ ಮಾರಾಯ್ರೇ. ಅದಕ್ಕೆ ಕನ್ವರ್ಟರನ್ನು ಬೈಯಬೇಡಿ.

ಪ್ರಶ್ನೆ ಕೇಳಿದವರು:
ವೇರಿಯಬಲ್ ಅಂತಲೇ ಇತ್ತು. ಹ್ಯಾಂಡ್‌ಬ್ರೇಕ್ ರಾತ್ರಿ ಓಡಿಸಿಟ್ಟೆ, ಈಗ ಕೊನೆಯ ಮಂಗಳ ಪದ್ಯದವರೆಗೂ ಚೆಂಡೆ ಕೋಲಿಗೆ ಸರಿಯಾಗಿ ಕೂರುತ್ತದೆ. ಆದರೆ ಪೆನ್‌ಡ್ರೈವ್‌ಗೆ ಕಾಪಿ ಆಗುತ್ತಿಲ್ಲ, ಫೈಲ್ ದೊಡ್ಡದು ಅನ್ನುತ್ತದೆ. ಜಾಗ ಬೇಕಾದಷ್ಟಿದೆ.

ಶಿವಮೊಗ್ಗದವರು:
ನಿಮ್ಮ ಪೆನ್‌ಡ್ರೈವ್ ಬಹುಶಃ ಫ್ಯಾಟ್32 ಅನ್ನುವ ಹಳೆ ಫಾರ್ಮ್ಯಾಟ್‌ನಲ್ಲಿದೆ, ಒಂದು ಫೈಲ್ 4 ಜಿಬಿ ದಾಟಿದರೆ ಅದು ತೆಗೆದುಕೊಳ್ಳುವುದಿಲ್ಲ. ಎಕ್ಸ್‌ಫ್ಯಾಟ್ ಅನ್ನುವ ಹೊಸ ಫಾರ್ಮ್ಯಾಟ್ ಮಾಡಿದರೆ ಹಳೆ ಟಿವಿ ಓದುತ್ತದೋ ಇಲ್ಲವೋ. ಗುಣಮಟ್ಟ ಸ್ವಲ್ಪ ಇಳಿಸುವುದಕ್ಕಿಂತ ಪ್ರಸಂಗದ ನಡುವೆ ಒಂದು ಕಡೆ ಕತ್ತರಿಸಿ ಎರಡು ಫೈಲ್ ಮಾಡಿಕೊಳ್ಳಿ.