ಬೂಟ್ ಎಸ್‌ಎಸ್‌ಡಿ ಸ್ಲಾಟ್ ಬದಲ್ ಮಾಡಿದ ಮ್ಯಾಲೆ ವಿಂಡೋಸ್ ಏಳವಲ್ದು, ಅರ್ಜೆಂಟ್

ಹುಬ್ಳಿ_ಗೇಮರ್:
ನಮಸ್ಕಾರ್ರೀ ಎಲ್ಲಾರ್ಗೂ. ಹೊಸಾ ಜೆನ್ 4 ಎಸ್‌ಎಸ್‌ಡಿ ತಂದು ಮದರ್‌ಬೋರ್ಡಿನ ಮ್ಯಾಲಿನ ಎಂ.2 ಸ್ಲಾಟಿಗೆ ಹಾಕಿ, ವಿಂಡೋಸ್ ಇದ್ದ ಹಳೇದನ್ನ ಕೆಳಗಿನ ಸ್ಲಾಟಿಗೆ ಸರಿಸೀನಿ, ಅಷ್ಟ. ಈಗ ಆನ್ ಮಾಡಿದ್ರ ಸೀದಾ ಬಯೋಸ್‌ಗೇ (ಬೋರ್ಡಿನ ಸೆಟ್ಟಿಂಗ್ ಸ್ಕ್ರೀನು) ಹೋಗಿ ಕುಂದರ್ತೈತಿ. ಎರಡೂ ಎಸ್‌ಎಸ್‌ಡಿ ಕಾಣ್ತಾವ, ಆದ್ರ ಬೂಟ್ ಲಿಸ್ಟಿನ್ಯಾಗ ವಿಂಡೋಸ್ ಬೂಟ್ ಮ್ಯಾನೇಜರ್ ಅನ್ನೋದ ಇಲ್ಲ. ನಾಳೆ ಆಫೀಸಿಂದು ಫೈಲ್ ಕೊಡೂದೈತಿ, ತಲಿ ಕೆಟ್ಟು ಹೋಗೇತಿ, ಯಾರರೆ ಹೇಳ್ರಿ.

ಧಾರವಾಡ_ರಿಗ್:
ಬಯೋಸ್‌ನ್ಯಾಗ ಸಿಎಸ್‌ಎಂ, ಅಂದ್ರ ಹಳೇ ರೀತಿ ಬೂಟ್ ಮಾಡೋ ಸೆಟ್ಟಿಂಗ್, ಆಫ್ ಮಾಡ್ರಿ, ಆತು.

ಹುಬ್ಳಿ_ಗೇಮರ್:
ಮೊದಲಿಂದ್ಲೂ ಆಫೇ ಐತ್ರಿ.

ಧಾರವಾಡ_ರಿಗ್:
ಹಂಗಾರ ಒಮ್ಮೆ ಆನ್ ಮಾಡಿ ಸೇವ್ ಮಾಡಿ ಮತ್ತ ಆಫ್ ಮಾಡ್ರಿ. ಆಗ್ಲಿಲ್ಲಂದ್ರ ಬಯೋಸ್ ಸೆಟ್ಟಿಂಗ್ ಕ್ಲಿಯರ್ ಆಗ್ಲಿ ಅಂತ ಬೋರ್ಡಿನ ಸಿಆರ್2032 ಸೆಲ್ ತಗದು ಐದ್ ನಿಮಿಷ ಬಿಟ್ಟು ಹಾಕ್ರಿ. ಸಿಎಸ್‌ಎಂದ್ದ ಪ್ರಾಬ್ಲಮ್ಮು, ನೂರಕ್ಕ ನೂರು.

ಹಾವೇರಿ_ಹುಡುಗ:
ಸೆಲ್ ಯಾಕ್ ತಗೀತೀರಿ, ಅದಕ್ಕಂತ ಬೋರ್ಡಿನ್ಯಾಗ ಕ್ಲಿಯರ್ ಸಿಮೋಸ್ ಪಿನ್ ಇರ್ತಾವಲ್ಲ. ಮತ್ತ ಯುಪಿಎಸ್ ಐತೋ ಇಲ್ಲೋ ಅದನ್ನ ಮೊದ್ಲ ಹೇಳ್ರಿ, ನಮ್ ಕಡೆ ಕರೆಂಟ್ ಹೋಗೂದು ಗೊತ್ತಲ್ಲ.

ಧಾರವಾಡ_ರಿಗ್:
ಸೆಲ್ ತಗದ್ರನ ಪೂರ್ತಿ ಕ್ಲಿಯರ್ ಆಗೂದು.

ಹಾವೇರಿ_ಹುಡುಗ:
ಎರಡೂ ಒಂದ ರೀ.

ಗದಗ_ಬಿಲ್ಡರ್:
ಅಣ್ಣಾರ, ಸಿಎಸ್‌ಎಂ ಸಾಕ್ ಮಾಡ್ರಿ. ಬೂಟ್ ಎಂಟ್ರಿ ಪಾರ್ಟಿಶನ್ (ಡಿಸ್ಕಿನ ಭಾಗ) ಐಡಿ ಹಿಡದು ಹುಡುಕ್ತೈತಿ, ಬರೇ ಸ್ಲಾಟ್ ಬದಲ್ ಮಾಡಿದ್ರ ಸಾಮಾನ್ಯವಾಗಿ ಏನೂ ಆಗೂದಿಲ್ಲ. ಎಂಟ್ರೀನ ಇಲ್ಲ ಅಂದ್ರ ಇಎಫ್‌ಐ ಪಾರ್ಟಿಶನ್, ಅಂದ್ರ ವಿಂಡೋಸ್ ಎಬ್ಬಿಸೋ ಬೂಟ್ ಲೋಡರ್ ಇರೋ ಸಣ್ಣ ಭಾಗ, ಸಿಗವಲ್ದು. ಹುಬ್ಳಿಯವರ, ಬೋರ್ಡ್ ಯಾವ್ದು? ಹಾರ್ಡ್ ಡಿಸ್ಕ್ ಏನರೆ ಐತೇನ್ರಿ, ಇದ್ರ ಯಾವ ಪೋರ್ಟಿಗೆ?

ಹುಬ್ಳಿ_ಗೇಮರ್:
ಬಿ550. 1 ಟಿಬಿ ಹಾರ್ಡ್ ಡಿಸ್ಕ್ ಐತಿ, ಅದ್ರಾಗ ಬರೇ ಅಕ್ಕನ ಮದಿವಿ ವಿಡಿಯೋ, ಫೋಟೋ. ಸಾಟಾ 5. ಅಯ್ಯ, ಈಗ ನೋಡಿದ್ರ ಬಯೋಸ್‌ನ್ಯಾಗ ಅದೂ ಕಾಣವಲ್ದು!! ಸುಟ್ಟತೇನ್ರಿ?

ಗದಗ_ಬಿಲ್ಡರ್:
ಸುಟ್ಟಿಲ್ರಿ, ಗಾಬ್ರಿ ಆಗಬ್ಯಾಡ್ರಿ. ಬಹಳಷ್ಟು ಬಿ550 ಬೋರ್ಡಿನ್ಯಾಗ ಎರಡನೇ ಎಂ.2 ಸ್ಲಾಟೂ ಸಾಟಾ 5, 6ನೂ ಚಿಪ್‌ಸೆಟ್ಟಿನ ಅದ ಲೇನ್ (ಡೇಟಾ ಹೋಗೋ ದಾರಿ) ಹಂಚಿಕೊಂಡಿರ್ತಾವ, ಸ್ಲಾಟ್ ತುಂಬಿದ್ರ ಆ ಎರಡು ಪೋರ್ಟ್ ಬಂದ್. ಮ್ಯಾನ್ಯುಅಲ್ಲಿನ ಸಾಟಾ ಪುಟದಾಗ ಕೆಳಗ ಸಣ್ಣ ಅಕ್ಷರದಾಗ ಬರದಿರ್ತಾರ, ನೋಡ್ರಿ. ವಿಂಡೋಸ್ ಹಾಕುಮುಂದ ಹಾರ್ಡ್ ಡಿಸ್ಕ್ ಕನೆಕ್ಟ್ ಇತ್ತಂದ್ರ ಸೆಟಪ್ ಎಷ್ಟೋ ಸಲ ಬೂಟ್ ಲೋಡರನ್ನ ಅದ್ರಾಗ ಇಡ್ತೈತಿ. ವೈರ್ ಸಾಟಾ 1ಕ್ಕ ಹಾಕಿ ನೋಡ್ರಿ.

ಹುಬ್ಳಿ_ಗೇಮರ್:
ಎದ್ದತ್ರೀ!! ಬೂಟ್ ಮ್ಯಾನೇಜರ್ ಹಾರ್ಡ್ ಡಿಸ್ಕಿನ ಹೆಸರಿನ್ಯಾಗ ತೋರಸಾಕತ್ತೈತಿ. ನಾಳೆ ಆ ಡಿಸ್ಕ್ ಹೋದ್ರ ವಿಂಡೋಸೂ ಹೋಗ್ತೈತೇನು?

ಗದಗ_ಬಿಲ್ಡರ್:
ಫೈಲ್ ಹಂಗ ಇರ್ತಾವ, ಬೂಟ್ ಆಗೂದಿಲ್ಲ. ಬ್ಯಾಕಪ್ ತಗೊಂಡು, ಎಸ್‌ಎಸ್‌ಡಿ ಜಿಪಿಟಿ (ಹೊಸಾ ನಮೂನಿ ಪಾರ್ಟಿಶನ್ ಟೇಬಲ್) ಐತೇನ್ ನೋಡಿ, ಸಿ ಡ್ರೈವಿಂದ 300 ಎಂಬಿ ಶ್ರಿಂಕ್ ಮಾಡಿ, ವಿಂಡೋಸಿನ ಡಿಸ್ಕ್‌ಪಾರ್ಟ್ ಕಮಾಂಡಿನ್ಯಾಗ ಅದನ್ನ ಇಎಫ್‌ಐ ಪಾರ್ಟಿಶನ್ ಮಾಡಿ, ಫ್ಯಾಟ್32 ಫಾರ್ಮ್ಯಾಟ್ ಕೊಟ್ಟು, ಅದ್ರ ಮ್ಯಾಲೆ ಬೂಟ್ ಫೈಲ್ ಬರಿಯೋ ಬಿಸಿಡಿಬೂಟ್ ಕಮಾಂಡ್ ಓಡಸ್ರಿ. ಆಮ್ಯಾಲೆ ಹಾರ್ಡ್ ಡಿಸ್ಕಿನ ವೈರ್ ಬಿಚ್ಚಿ ಒಮ್ಮೆ ಬೂಟ್ ಮಾಡಿ ನೋಡ್ರಿ. ಇವತ್ತ ರಾತ್ರಿ ಬ್ಯಾಡ, ಮೊದ್ಲ ಆಫೀಸ್ ಫೈಲ್ ಕಳಸ್ರಿ.

ಧಾರವಾಡ_ರಿಗ್:
ಆದ್ರೂ ಸಿಎಸ್‌ಎಂ ಒಮ್ಮೆ ಚೆಕ್ ಮಾಡ್ರಿ.

ರಾಣೇಬೆನ್ನೂರ್_ಪಿಸಿ:
ನಂದೂ ಹಿಂಗ ಆಗೇತ್ರಿ, ಆದ್ರ ಇಂಟೆಲ್ ಬೋರ್ಡು, ವಿಂಡೋಸ್ ಲೋಗೋ ಬಂದು ನೀಲಿ ಸ್ಕ್ರೀನ್ ಬೀಳ್ತೈತಿ?

ಗದಗ_ಬಿಲ್ಡರ್:
ಅದು ಬ್ಯಾರೆ ಕಥಿ, ಬಯೋಸ್‌ನ್ಯಾಗ ಎಸ್‌ಎಸ್‌ಡಿ ನಡಸೋ ಇಂಟೆಲ್ಲಿನ ವಿಎಂಡಿ ಸೆಟ್ಟಿಂಗ್ ಬದಲಾಗಿರಬೇಕು. ಬ್ಯಾರೆ ಥ್ರೆಡ್ ಹಾಕ್ರಿ, ಬೋರ್ಡ್ ಮಾಡೆಲ್ ಪೂರ್ತಿ ಬರೀರಿ.